ತಿಮ್ಮಪ್ಪನೆಂಬ ನಾನು

ನನ್ನ ಹೆಸರು ತಿಮ್ಮಪ್ಪ. ಇದನ್ನು ನಾನೇ ಹೇಳಿಕೊಳ್ಳಬೇಕು. ನಮ್ಮ ಮನೆಯಲ್ಲಿ ಯಾರೂ ಆ ಹೆಸರು ಹಿಡಿದು ನನ್ನನ್ನು ಕರೆದದ್ದಿಲ್ಲ.

ತಪ್ಪು ತಾತನದು. ಅವರ ಹೆಸರೂ ತಿಮ್ಮಪ್ಪ. ಮೊದಲ ಮೊಮ್ಮಗನಿಗೆ ತಾತನ ಹೆಸರೆಂದು ತೊಟ್ಟಿಲಲ್ಲಿ ಮಲಗಿಸಿ, ಕಿವಿಯಲ್ಲಿ ಮೂರು ಸಲ ಹೇಳಿ ನನಗಿಟ್ಟರು. ಪೇಚಾಟ ಆಮೇಲೆ ಶುರುವಾಯಿತು. ಗಂಡನ ಹೆಸರು ಹೇಳಬಾರದೆಂದು ಅಜ್ಜಿ ಬಾಯಿ ಬಿಡಲಿಲ್ಲ. ಮಾವನ ಹೆಸರು ಹೇಗೆ ಹೇಳುವುದೆಂದು ಅಮ್ಮ. ಹೆತ್ತವರ ಹೆಸರು ಹಿಡಿದು 'ಲೋ' ಎನ್ನಲು ಅಪ್ಪನಿಗೂ ಧೈರ್ಯವಿಲ್ಲ. ಹೀಗಾಗಿ ಪುಟ್ಟನಾದೆ, ಅರವತ್ತು ದಾಟಿದರೂ ಊರಿಗೆ ಹೋದರೆ ಪುಟ್ಟನೇ. ಅಜ್ಜಿಯ ಕಷ್ಟ ಇನ್ನೂ ದೊಡ್ಡದು: ಮನೆದೇವರೂ ತಿರುಪತಿ ತಿಮ್ಮಪ್ಪನೇ. ಮುಡಿಪು ಕಟ್ಟುವಾಗ "ಬೆಟ್ಟದ ಮೇಲಿರೋನೇ, ಕಾಪಾಡಪ್ಪ" ಎಂದು ಕೈಮುಗಿಯುತ್ತಿದ್ದರು.

ಅಜ್ಜಿಯ ಆ 'ಬೆಟ್ಟ'ದಲ್ಲಿ ಅವರಿಗೇ ಗೊತ್ತಿಲ್ಲದ ಪಾಂಡಿತ್ಯವಿತ್ತು. ತಮಿಳಿನ 'ತಿರು' ಎಂದರೆ ಶ್ರೀ, 'ಮಲೈ' ಎಂದರೆ ಬೆಟ್ಟ. ಆ ತಿರುಮಲವೇ ಜನರ ನಾಲಿಗೆಯಲ್ಲಿ ಸವೆದು ತಿಮ್ಮ ಆಯಿತೆಂದು ಬಲ್ಲವರು ಹೇಳುತ್ತಾರೆ. ಮಂತ್ರದಲ್ಲಿ ಅವನು ವೆಂಕಟೇಶ್ವರ, ಶ್ರೀನಿವಾಸ. ನಮ್ಮವರಿಗೆ ಬರೀ ತಿಮ್ಮಪ್ಪ. ಮದುವೆಗೆಂದು ಕುಬೇರನ ಹತ್ತಿರ ಸಾಲ ಮಾಡಿದ ದೇವರೊಡನೆ ಅಷ್ಟು ಸಲುಗೆ ನಡೆಯುತ್ತದೆ. ಆ ಸಲುಗೆಯಲ್ಲೇ ತಿಮ್ಮಯ್ಯ, ತಿಮ್ಮೇಗೌಡ, ತಿಮ್ಮರಾಜು, ತಿಮ್ಮಕ್ಕ ಎಲ್ಲರೂ ಹುಟ್ಟಿಕೊಂಡರು.

ಹೆಸರಿಗೆ ಗತ್ತೇನೂ ಕಡಿಮೆಯಿಲ್ಲ. ಕೃಷ್ಣದೇವರಾಯ 'ಅಪ್ಪಾಜಿ' ಎಂದು ಕರೆಯುತ್ತಿದ್ದ ಮಂತ್ರಿ ತಿಮ್ಮರಸು. ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ ಭಾರತದ ಉಳಿದ ಎಂಟು ಪರ್ವಗಳನ್ನು ಹಾಡಿ ಮುಗಿಸಿದವನು ಅದೇ ರಾಯನ ಆಸ್ಥಾನದ ತಿಮ್ಮಣ್ಣ ಕವಿ. 1957ರಲ್ಲಿ ಭೂಸೇನೆಯ ಮುಖ್ಯಸ್ಥರಾದವರು ಕೊಡಗಿನ ಜನರಲ್ ತಿಮ್ಮಯ್ಯ.

ಇಷ್ಟಿದ್ದರೂ ಶಾಲೆಯಲ್ಲಿ ನಾನು ಪೆದ್ದ ತಿಮ್ಮನೇ. ಕೋತಿ ಆಡಿಸುವವನು ಬಂದರೆ ಹುಡುಗರು ಕೋತಿಯನ್ನು ಬಿಟ್ಟು ನನ್ನನ್ನು ನೋಡುತ್ತಿದ್ದರು. ಅದನ್ನೂ ತಿಮ್ಮ ಎಂದೇ ಕರೆಯುವುದಲ್ಲ! 1943ರಲ್ಲಿ ಬಂದ ಕಗ್ಗದಲ್ಲಿ ಡಿವಿಜಿಯವರು ಬಾಳಿನ ಒಳತೋಟಿಯನ್ನೆಲ್ಲ ಮಂಕುತಿಮ್ಮನ ಅಂಕಿತದಲ್ಲಿ ಹೇಳಿದರು. ಬೀಚಿಯವರು ಸೊನ್ನೆ ಕೊಟ್ಟು 'ತಿಂಮ' ಎಂದು ಬರೆದು ನಾಡನ್ನೇ ನಗಿಸಿದರು. ಬುದ್ಧಿಮಾತನ್ನು ಬುದ್ಧಿವಂತನ ಹೆಸರಲ್ಲಿ ಹೇಳಿದರೆ ಯಾರು ಕೇಳುತ್ತಾರೆ? ನನ್ನ ಗೆಳೆಯರು ಮಾತ್ರ ಮಂಕನ್ನು ಇಟ್ಟುಕೊಂಡು ಕಗ್ಗವನ್ನು ಬಿಟ್ಟರು.

ಮದುವೆಯಲ್ಲಾದರೂ ಹೆಸರು ಕೇಳೋಣವೆಂದರೆ, ಒಡಪು ಹೇಳೆಂದು ಎಷ್ಟು ಪೀಡಿಸಿದರೂ ಹೆಂಡತಿ ನಾಚಿ ತಪ್ಪಿಸಿಕೊಂಡಳು. ಅಂದಿನಿಂದ ನಾನು "ಇವ್ರೇ", ಕೋಪ ಬಂದರೆ "ನಿಮಗೇ ಹೇಳ್ತಿರೋದು".

ಮಗ ತನ್ನ ಮಗನಿಗೆ ಎರಡಕ್ಷರದ ಹೆಸರಿಟ್ಟಿದ್ದಾನೆ. ಅರ್ಥ ಕೇಳಿದರೆ ಫೋನು ತೆಗೆದು ನೋಡಿ ಹೇಳುತ್ತಾನೆ. ಮೊನ್ನೆ ಆ ಮೂರು ವರ್ಷದ ಪೋರ ಕಿಟಕಿಯ ಸರಳು ಹಿಡಿದು ಮೇಲಕ್ಕೇರಿ ನೇತಾಡುತ್ತಿದ್ದ. ಅಡುಗೆಮನೆಯಿಂದ ಬಂದ ನನ್ನವಳು ಗಾಬರಿಯಲ್ಲಿ ಕೂಗಿದಳು: "ಅಯ್ಯೋ ತಿಮ್ಮಾ, ಇಳಿಯೋ ಕೆಳಗೆ!"

ನಲವತ್ತೊಂದು ವರ್ಷದ ಸಂಸಾರದಲ್ಲಿ ಆ ಹೆಸರು ಆಕೆಯ ಬಾಯಲ್ಲಿ ಬಂದದ್ದು ಅದೇ ಮೊದಲು. ಪೇಪರು ಓದುತ್ತಿದ್ದ ನಾನು "ಓ" ಎಂದೆ.