ಚಕ್ರ ಕಟ್ಟಿದ ಬೀರು

ನಮ್ಮ ಮನೆಗೆ ವ್ಯಾಗನ್ ಆರ್ ಬಂದ ದಿನ, ಪೂಜೆಗೆ ಬಂದಿದ್ದ ಭಾವಮೈದುನ ಅದಕ್ಕೊಂದು ಸುತ್ತು ಹಾಕಿ, "ಏನ್ ಭಾವ, ಬೀರುವಿಗೆ ಚಕ್ರ ಕಟ್ಟಿಸಿಬಿಟ್ರಾ?" ಎಂದ. ಚಕ್ರದ ಕೆಳಗೆ ನಿಂಬೆಹಣ್ಣು ಆಗಲೇ ಇಟ್ಟಾಗಿತ್ತು. ಇಲ್ಲದಿದ್ದರೆ ಅವನ ಹೆಬ್ಬೆರಳೇ ಸಾಕಿತ್ತು.

ಸಿಟ್ಟು ಬಂದದ್ದು, ನನಗೂ ಒಳಗೊಳಗೆ ಹಾಗೇ ಅನ್ನಿಸಿದ್ದಕ್ಕೆ. ನಾನು ಕನಸು ಕಂಡದ್ದು ನೆಲ ತಬ್ಬಿಕೊಂಡು ಓಡುವ ಕೆಂಪು ಕಾರನ್ನು. ಬಂದದ್ದು ಬಿಳಿ ಅಂಗಿ ತೊಟ್ಟ ಸಂಸಾರಸ್ಥ. ಆರಿಸಿದವಳು ನನ್ನವಳು. ಷೋರೂಮಿನಲ್ಲಿ ಅವಳು ಬಾನೆಟ್ಟಿನ ಕಡೆ ತಿರುಗಿಯೂ ನೋಡಲಿಲ್ಲ. ಹಿಂದಿನ ಬಾಗಿಲು ತೆಗೆದು ಕೂತಳು, ಎದ್ದಳು, ಮತ್ತೆ ಕೂತಳು. "ಇದೇ ಇರಲಿ" ಎಂದಳು. ನಾನು ಚೆಕ್ಕಿಗೆ ಸಹಿ ಹಾಕಿದೆ. ನಮ್ಮಲ್ಲಿ ಯಜಮಾನನ ಕೆಲಸ ಅಷ್ಟೇ.

ಮಾನ ಉಳಿಸಿಕೊಳ್ಳಲು ಕಾರಿನ ವಂಶಾವಳಿ ಕೆದಕಿದೆ. ಇದು ಹುಟ್ಟಿದ್ದು ಜಪಾನಿನಲ್ಲಿ, 1993ರಲ್ಲಿ. ಅಲ್ಲಿ 'ಕೇಯ್' ಎಂಬ ಪುಟ್ಟ ಕಾರುಗಳಿಗೆ ತೆರಿಗೆ ಕಡಿಮೆ. ಆದರೆ ಸರ್ಕಾರ ಎಳೆದ ಗೆರೆ ದಾಟುವಂತಿಲ್ಲ. ಆಗ ಉದ್ದ 3.3 ಮೀಟರ್, ಅಗಲ 1.4 ಮೀಟರ್, ಎಂಜಿನ್ 660 ಸಿಸಿ, ಅಷ್ಟರೊಳಗೇ ಎಲ್ಲ. ಅತ್ತಿತ್ತ ಬೆಳೆಯಲು ಜಾಗವಿಲ್ಲದ ಸುಜುಕಿಯವರು, ಮೂವತ್ತು-ನಲವತ್ತರ ಸೈಟು ಸಿಕ್ಕಿದ ಬೆಂಗಳೂರಿನವರು ಮಾಡುವುದನ್ನೇ ಮಾಡಿದರು: ಮೇಲಕ್ಕೆ ಕಟ್ಟಿದರು. ಚಾವಣಿ ಏರಿತು, ಜೊತೆಗೆ ಸೀಟೂ ಏರಿತು. ಕಾಲು ಚಾಚಿ ಒರಗುವ ಬದಲು ಊಟದ ಮೇಜಿನ ಮುಂದೆ ಕೂತಂತೆ ನೆಟ್ಟಗೆ ಕೂರುವುದರಿಂದ, ಗಿಡ್ಡ ಕಾರಿನಲ್ಲೂ ಹಿಂದಿನವರ ಮಂಡಿಗೆ ಜಾಗ ಉಳಿಯಿತು. ಆ ಮೊದಲ ಮಾದರಿಗೆ ಎಡಕ್ಕೆ ಎರಡು ಬಾಗಿಲು, ಬಲಕ್ಕೆ ಒಂದೇ!

ನಮ್ಮ ದೇಶಕ್ಕೆ ಬಂದದ್ದು 1999ರ ಕೊನೆಯಲ್ಲಿ, ನಾಲ್ಕೂ ಬಾಗಿಲಿನೊಂದಿಗೆ. ನಮ್ಮದು 2019ರ ಮಾದರಿ. ಉದ್ದ 3,655 ಮಿಲಿಮೀಟರ್, ಎತ್ತರ 1,675. ಅಂದರೆ ನನಗಿಂತ ಎರಡು ಬೆರಳು ಎತ್ತರ. ಫೋಟೋದಲ್ಲಿ ಪಕ್ಕಕ್ಕೆ ನಿಂತರೆ ಅದೇ ಯಜಮಾನನ ಹಾಗೆ ಕಾಣುತ್ತದೆ. ಇಲ್ಲಿಯವರೆಗೆ ದೇಶದಲ್ಲಿ 30 ಲಕ್ಷಕ್ಕೂ ಹೆಚ್ಚು ಮಾರಾಟವಾಗಿವೆ. 2021-22ರಿಂದ ಸತತ ನಾಲ್ಕು ಹಣಕಾಸು ವರ್ಷ ಇಲ್ಲಿ ಎಲ್ಲಕ್ಕಿಂತ ಹೆಚ್ಚು ಬಿಕರಿಯಾದ ಕಾರು ಇದೇ. ಇಷ್ಟನ್ನೂ ಭಾವಮೈದುನನಿಗೆ ವಾಟ್ಸಾಪ್ ಮಾಡಿದೆ. ಒಂದು ಹೆಬ್ಬೆರಳು ಬಂತು.

30 ಲಕ್ಷ ಎಂದರೆ ಏನೆಂದು ನನಗೆ ಅರ್ಥವಾದದ್ದು ಹಾಸನದ ಒಂದು ಮದುವೆಯಲ್ಲಿ.

ಊಟ ಮುಗಿಸಿ, ಎಲೆಯಡಿಕೆ ಜಗಿಯುತ್ತಾ, ತೆಂಗಿನಕಾಯಿ ಚೀಲ ಹಿಡಿದು ಛತ್ರದ ಹಿಂದಿನ ಬಯಲಿಗೆ ಬಂದೆ. ಹೊಂಗೆಮರದ ಕೆಳಗೆ ನಮ್ಮ ಬಿಳಿ ಬೀರು ನಿಂತಿತ್ತು. ಕೀಲಿಯ ಗುಂಡಿ ಒತ್ತಿದೆ. ಹಿಂದೆಲ್ಲೋ ಯಾವುದೋ ಕಾರು 'ಕುಂಯ್' ಎಂದಿತು. ಯಾರದ್ದೋ ಏನೋ ಎಂದು ಬಾಗಿಲೆಳೆದೆ, ತೆರೆಯಿತು. ಚೀಲ ಪಕ್ಕದ ಸೀಟಿಗೆ ಹಾಕಿ ಕೂತೆ. ಮಂಡಿ ಸ್ಟೀರಿಂಗಿಗೆ ಬಡಿಯಿತು. ಸೀಟು ಮುಂದಕ್ಕೆಳೆದ ಹೆಂಡತಿಯನ್ನು ಶಪಿಸಿ ಹಿಂದಕ್ಕೆ ತಳ್ಳಿದೆ. ಕನ್ನಡಿ ಆಕಾಶ ನೋಡುತ್ತಿತ್ತು. ಅದಕ್ಕೂ ಅವಳನ್ನೇ ಶಪಿಸಿದೆ. ಡ್ಯಾಶ್‌ಬೋರ್ಡಿನ ಮೇಲೆ ನಮ್ಮ ಗಣಪತಿಯಿಲ್ಲ, ಆಂಜನೇಯ ಕೂತಿದ್ದಾನೆ. 'ದೇವರನ್ನೂ ಒಂದು ಮಾತು ಕೇಳದೆ ಬದಲಾಯಿಸಿದ್ದಾಳಲ್ಲ!' ಎಂದುಕೊಂಡೆ. ಕಾರೇ ನನ್ನದಲ್ಲ ಎನ್ನುವುದಕ್ಕಿಂತ, ಹೆಂಡತಿ ಮನೆದೇವರನ್ನೇ ಬದಲಾಯಿಸಿದಳು ಎನ್ನುವುದು ನನಗೆ ಸುಲಭವಾಗಿ ನಂಬಿಕೆಗೆ ಬಂತು. ಕೀಲಿ ತೂರಿಸಿದೆ. ತಿರುಗಲೊಲ್ಲದು.

"ಮೆಲ್ಲಗಪ್ಪಾ, ಮುರಿದ್ಹಾಕೀಯ" ಎಂದಿತು ಹಿಂದಿನ ಸೀಟು.

ಕನ್ನಡಿ ತಗ್ಗಿಸಿ ನೋಡಿದರೆ, ಒಬ್ಬ ಅಜ್ಜಿ. ಹಸಿರು ರೇಷ್ಮೆ ಸೀರೆ, ಮಡಿಲಲ್ಲಿ ತಾಂಬೂಲದ ಚೀಲ.

"ಅಜ್ಜಿ, ನೀವು..."

"ನಾನೇ ಕಣಪ್ಪ. ಆಗ್ಲಿಂದ ಕಾಯ್ತಾ ಇದೀನಿ. ಡ್ರೈವರ್‌ಗಳಿಗೆ ಕೊನೇ ಪಂಕ್ತಿ, ಸರಿ. ಅದಕ್ಕೆ ಇಷ್ಟೊತ್ತಾ? ಪಾಯಸ ಎರಡು ಸಲ ಹಾಕಿಸ್ಕೊಂಡಿರ್ತೀಯ."

ಹಾಕಿಸಿಕೊಂಡಿದ್ದೆ. ಬಡಿಸುವವನನ್ನು ವಾಪಸ್ ಕರೆದು ಹಾಕಿಸಿಕೊಂಡಿದ್ದೆ.

"ಅಜ್ಜಿ, ಇದು ನನ್ನ ಕಾರು."

"ಹೂಂನಪ್ಪ, ಓಡ್ಸೋರದ್ದೇ ಕಾರು. ಈಗ ಹೊರಡು."

ಕೀಲಿ ಕಿತ್ತು ಮತ್ತೆ ಗುಂಡಿ ಒತ್ತಿದೆ. ಹಿಂದೆ 'ಕುಂಯ್'. ಇನ್ನೊಮ್ಮೆ ಒತ್ತಿದೆ. 'ಕುಂಯ್'.

"ಅಲ್ಲಿ ಯಾವ್ದೋ ಕಾರು ನಿನ್ನೇ ಕರೀತಿದೆ ನೋಡು" ಎಂದರು ಅಜ್ಜಿ.

ತಿರುಗಿ ನೋಡಿದೆ. ನಾಲ್ಕು ಕಾರುಗಳಾಚೆ, ಎರಡೂ ಕಡೆಯ ದೀಪ ಮಿಟುಕಿಸುತ್ತಾ, ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗುವಿನ ಹಾಗೆ ನಿಂತಿತ್ತು ನಮ್ಮ ಬೀರು.

ತಪ್ಪೊಪ್ಪಿಕೊಂಡು ಇಳಿಯಬೇಕಿತ್ತು. ಬದಲಿಗೆ, "ಒಳಗೇ ಫ್ಯಾನಿನ ಕೆಳಗೆ ಕೂರಬಹುದಿತ್ತಲ್ಲ ಅಜ್ಜಿ?" ಎಂದು ಕೇಳಿದೆ.

"ಎರಡು ಮಂಡಿಯೂ ಹೋಗ್ಬಿಟ್ಟಿವೆ. ದೊಡ್ಡ ಮೊಮ್ಮಗನ ಕಾರಿಗೆ ಮಣೆ ಹಾಕಿ ಹತ್ತಬೇಕು. ಚಿಕ್ಕೋನದ್ದು ಬಾವಿ ಇದ್ದಂಗೆ, ಇಳಿದ್ರೆ ಇಬ್ರು ಸೇದಬೇಕು. ಇದರಲ್ಲಿ ಸೊಂಟ ಇಟ್ಟು ತಿರುಗಿದ್ರೆ ಆಯ್ತು, ಯಾರ ಕೈಯೂ ಬೇಡ. ಈ ಕಾರು ಬರುತ್ತೆ ಅಂದ್ರೆ ಮದುವೆಗೆ ಬರ್ತೀನಿ, ಇಲ್ದಿದ್ರೆ ಮನೇಲೇ."

ನನ್ನಮ್ಮ ಕೊನೆಕೊನೆಗೆ ಮದುವೆಗಳಿಗೆ ಬರುವುದನ್ನೇ ಬಿಟ್ಟಿದ್ದಳು. "ಆ ಗದ್ದಲ ನಂಗಾಗಲ್ಲ ಕಣೋ" ಎನ್ನುತ್ತಿದ್ದಳು. ಗದ್ದಲವೆಂದರೆ ಜೀವ ಬಿಡುತ್ತಿದ್ದ ಹೆಂಗಸು ಅದು. ನಾನು ನಂಬಿದೆ. ಆಗ ನಮ್ಮಲ್ಲಿದ್ದದ್ದು ತಗ್ಗಿನ ಹಳೇ ಕಾರು. ಬಾಗಿಲು ಹಿಡಿದು ನಿಂತು, ಅಮ್ಮನ ಕಂಕುಳಿಗೆ ಕೈಕೊಟ್ಟು ಎಬ್ಬಿಸುತ್ತಿದ್ದವಳು ನನ್ನವಳು. ನಾನು ಸ್ಟೀರಿಂಗ್ ಹಿಡಿದು, "ಬೇಗ, ಹಿಂದೆ ಹಾರ್ನ್ ಹೊಡೀತಿದಾರೆ" ಎನ್ನುತ್ತಿದ್ದೆ. ಈ ಕಾರು ಬರುವ ಹೊತ್ತಿಗೆ ಅಮ್ಮ ಹೋಗಿ ಎರಡು ವರ್ಷವಾಗಿತ್ತು.

"ರೀ! ಯಾರ ಕಾರಲ್ಲಿ ಕೂತಿದೀರಿ?" ಕಿಟಕಿಯಲ್ಲಿ ನನ್ನವಳ ಮುಖ, ಅವಳ ಹಿಂದೆ ಹಲ್ಲು ಕಡ್ಡಿ ಕಚ್ಚಿಕೊಂಡ ನಿಜವಾದ ಡ್ರೈವರು.

ಅಜ್ಜಿಯೇ ನನ್ನ ಪರ ವಹಿಸಿದರು: "ಬೈಬೇಡಮ್ಮ, ಹುಡುಗ ಒಳ್ಳೆಯವನು. ಗಾಡಿ ಓಡಿಸೋಕೆ ಬರಲ್ಲ, ಅಷ್ಟೇ."

ನಮ್ಮ ಕಾರಿನ ಹತ್ತಿರ ಬಂದವನು ಮುಂದಿನ ಬಾಗಿಲು ಬಿಟ್ಟು ಹಿಂದಿನದನ್ನು ತೆಗೆದೆ. ಕೂತೆ, ಎದ್ದೆ, ಮತ್ತೆ ಕೂತೆ.

"ಏನ್ರೀ ಅದು?" ಎಂದಳು.

"ತೆಂಗಿನಕಾಯಿ ಇಡ್ತಿದ್ದೆ" ಎಂದೆ.

ತೆಂಗಿನಕಾಯಿ ಚೀಲ ಅಷ್ಟರಲ್ಲಿ ಆಂಜನೇಯನ ಜೊತೆ ಗೇಟು ದಾಟಿಯಾಗಿತ್ತು. ಅವಳು ನನ್ನ ಖಾಲಿ ಕೈ ನೋಡಿದಳು, ಏನೂ ಅನ್ನಲಿಲ್ಲ.