ಎಚ್‌ಎಸ್‌ಆರ್ ಲೇಔಟಿನ ಹಣಕಾಸು ಸಚಿವರು

ತಿಂಗಳ ಕೊನೆಯ ಸಂಜೆ ಸಂಬಳದ ಮೆಸೇಜು ಬಂದ ಕೂಡಲೇ ಎಚ್‌ಎಸ್‌ಆರ್ ಲೇಔಟಿನ ಒಂದು ಬೆಡ್‌ರೂಮಿನ ಮನೆಯಲ್ಲಿ ಬಜೆಟ್ ಮಂಡನೆಯಾಗುತ್ತದೆ. ದಿಲ್ಲಿಯಲ್ಲಿ ಬಜೆಟ್ಟಿಗೆ ಮುಂಚೆ ಹಲ್ವಾ ಕಾಯಿಸುವ ಶಾಸ್ತ್ರವಿದೆ. ಇಲ್ಲಿ ಬಿರಿಯಾನಿ, ಅದೂ ಕ್ರೆಡಿಟ್ ಕಾರ್ಡಿನಲ್ಲಿ. ಸಚಿವರ ವಯಸ್ಸು 26. ವಿದ್ಯಾರ್ಹತೆ: ಬಿಇ, ಜೊತೆಗೆ ಹಣ ಉಳಿಸುವುದು ಹೇಗೆಂಬ ಅಸಂಖ್ಯ ರೀಲ್ಸ್.

ವರಮಾನದ ಅಧ್ಯಾಯದಲ್ಲೇ ಮೊದಲ ಉತ್ಪ್ರೇಕ್ಷೆ. ನೆಂಟರಿಷ್ಟರಿಗೆ ಹೇಳಿರುವುದು 12 ಲಕ್ಷದ ಪ್ಯಾಕೇಜು. ಅದರೊಳಗೆ ಮ್ಯಾನೇಜರ್ ಮನಸ್ಸು ಮಾಡಿದರೆ ಮಾತ್ರ ಬರುವ ವೇರಿಯೆಬಲ್ ಇದೆ, ಕಂಪನಿ ಕಟ್ಟುವ ಪಿಎಫ್ ಪಾಲಿದೆ, ಐದು ವರ್ಷ ಒಂದೇ ಕಡೆ ಕೂತವರಿಗೆ ಸಿಗುವ ಗ್ರಾಚ್ಯುಟಿಯೂ ಇದೆ. ಎರಡು ವರ್ಷಕ್ಕೊಮ್ಮೆ ಕಂಪನಿ ಬದಲಿಸುವ ಸಚಿವರ ಪಾಲಿಗೆ ಅದು ಲೆಕ್ಕದಲ್ಲಿದ್ದೂ ಬಾರದ ಕೇಂದ್ರದ ಅನುದಾನ. ಕೈಗೆ ಬೀಳುವುದು 75 ಸಾವಿರ. ಖರ್ಚು ಮಾತ್ರ 12 ಲಕ್ಷದ ಠೀವಿಯಲ್ಲೇ.

ಸಚಿವರ ನೀತಿ 50-30-20: ಅಗತ್ಯಕ್ಕೆ ಅರ್ಧ, ಆಸೆಗೆ ಶೇ 30, ಉಳಿತಾಯಕ್ಕೆ ಶೇ 20. 2005ರ ಪುಸ್ತಕವೊಂದರ ಮೂಲಕ ಇದನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಎಲಿಜಬೆತ್ ವಾರೆನ್ ಮತ್ತು ಅವರ ಮಗಳು. ವಾರೆನ್ ಆಗ ಹಾರ್ವರ್ಡಿನಲ್ಲಿ ದಿವಾಳಿ ಕಾನೂನು ಪಾಠ ಮಾಡುತ್ತಿದ್ದರು. ಸಚಿವರು ಸೂತ್ರವನ್ನಷ್ಟೇ ನೋಡಿದರು, ಲೇಖಕಿಯ ವೃತ್ತಿಯನ್ನು ನೋಡಲಿಲ್ಲ. 26 ಸಾವಿರದ ಬಾಡಿಗೆ ಅಗತ್ಯದ ಪಟ್ಟಿಗೆ ಹೋಯಿತು. ಹೊಸ ಐಫೋನೂ ಅಲ್ಲಿಗೇ ಹೋಯಿತು, ಏಕೆಂದರೆ ಆಸೆಯ ಪಟ್ಟಿ ಆಗಲೇ ತುಂಬಿತ್ತು.

ಬಂಡವಾಳ ವೆಚ್ಚವೂ ಇದೆ. ಮನೆ ಓನರಿಗೆ ಕೊಟ್ಟ ಆರು ತಿಂಗಳ ಅಡ್ವಾನ್ಸು, 1,56,000 ರೂಪಾಯಿ. ಬಡ್ಡಿ ಸೊನ್ನೆ. ಖಾಲಿ ಮಾಡುವ ದಿನ ಪೇಂಟಿಂಗ್ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ಸಚಿವರ ಜೀವಮಾನದ ಅತಿದೊಡ್ಡ ಹೂಡಿಕೆ ಇದೇ.

ರಾಜ್ಯದ ಗ್ಯಾರಂಟಿಗಳು ಐದು, ಇವರವು ಆರು: ಮೂರು ಓಟಿಟಿ, ಒಂದು ಜಿಮ್, ಒಂದು ಹಾಡಿನ ಆ್ಯಪು, ಒಂದು ಊಟದ ಆ್ಯಪಿನ ಸದಸ್ಯತ್ವ. ಫಲಾನುಭವಿ ಒಬ್ಬರೇ, ಅವರೂ ಜಿಮ್ಮಿನತ್ತ ಸುಳಿದಿಲ್ಲ. 25 ರೂಪಾಯಿ ಡೆಲಿವರಿ ಶುಲ್ಕ ತಪ್ಪಿಸಲು 80 ರೂಪಾಯಿಯ ಗುಲಾಬ್ ಜಾಮೂನು ಸೇರಿಸುವ ಈ ಆರ್ಥಿಕ ನೀತಿಗೆ ನೊಬೆಲ್ ಸಮಿತಿ ಇನ್ನೂ ಕಣ್ಣು ತೆರೆದಿಲ್ಲ.

ಹತ್ತನೇ ತಾರೀಖಿಗೆ ಪೂರಕ ಅಂದಾಜು. ಗೆಳೆಯನ ಮದುವೆ, ಅದೂ ಗೋವಾದಲ್ಲಿ. ಕೊರತೆ ತುಂಬಲು ನೋ-ಕಾಸ್ಟ್ ಇಎಂಐ ಇದೆ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಬರೆದು ಹೇಳಿತ್ತು. ಬ್ಯಾಂಕುಗಳು ಓದಿಕೊಂಡವು, ಅಂಗಡಿಗಳು ಬೋರ್ಡು ಬದಲಿಸಿದವು. ಈಗ ಪ್ರೊಸೆಸಿಂಗ್ ಶುಲ್ಕ ಬೇರೆ, ಬಡ್ಡಿಯ ಭಾಗಕ್ಕೆ ಶೇ 18 ಜಿಎಸ್‌ಟಿ ಬೇರೆ. ಕಾಸ್ಟು ಮಾತ್ರ ಇಲ್ಲ. ಇಎಂಐ ಜೊತೆ ಉಳಿದ ಕಾರ್ಡು ಬಿಲ್ಲೂ ಬಂದಾಗ ಸಚಿವರು 'ಮಿನಿಮಮ್ ಡ್ಯೂ' ಕಟ್ಟಿ ನೆಮ್ಮದಿಯಾಗಿ ಮಲಗುತ್ತಾರೆ. ಮಿಕ್ಕಿದ್ದಕ್ಕೆ ತಿಂಗಳಿಗೆ ಶೇ 3.5ರ ಲೆಕ್ಕದಲ್ಲಿ ವರ್ಷಕ್ಕೆ ಶೇ 42 ಬಡ್ಡಿ. ಹಾಗಂತ ಉಳಿತಾಯ ಖಾತೆಯಲ್ಲಿ 'ಎಮರ್ಜೆನ್ಸಿಗೆ' ಇಟ್ಟ 20 ಸಾವಿರವನ್ನು ಮುಟ್ಟುವುದಿಲ್ಲ, ಅದಕ್ಕೆ ಶೇ 2.5 ಬಡ್ಡಿ ಬರುತ್ತದಲ್ಲ!

ಕರ್ನಾಟಕ ಸರ್ಕಾರಕ್ಕಾದರೂ 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆಯ ಅಂಕುಶವಿದೆ: ಒಟ್ಟು ಸಾಲ ರಾಜ್ಯದ ಜಿಎಸ್‌ಡಿಪಿಯ ಶೇ 25ರೊಳಗಿರಬೇಕು. ಇವರ ಸಾಲದ ಮಿತಿ ಏರಿಸಲು ವಿಧಾನಸಭೆಯೂ ಬೇಡ. 'ಅಭಿನಂದನೆಗಳು' ಎಂದು ಬ್ಯಾಂಕಿನಿಂದ ಮೆಸೇಜು ಬರುತ್ತದೆ, ಸಚಿವರು ಗುಂಡಿ ಒತ್ತುತ್ತಾರೆ.

ಭಾನುವಾರ ಊರಿನಿಂದ ಸಿಎಜಿ ವಿಡಿಯೊ ಕಾಲ್ ಮಾಡುತ್ತಾರೆ.

"ಏನೋ, ಎಷ್ಟು ಉಳಿಸಿದ್ಯೋ ಈ ತಿಂಗಳು?"

"ಇನ್ವೆಸ್ಟ್ ಮಾಡಿದೀನಮ್ಮ."

"ಯಾವುದ್ರಲ್ಲೋ?"

"ನನ್ನ ಮೇಲೇ."

ಸಿಎಜಿ ವರದಿಗಳ ಗತಿಯೇ ಅಮ್ಮನ ಆಕ್ಷೇಪಣೆಗೂ: ಮಂಡನೆಯಾಯಿತು, ಚರ್ಚೆಯಾಗಲಿಲ್ಲ. ಅಷ್ಟರಲ್ಲಿ ನೆಟ್‌ವರ್ಕ್ ಹೋಗಿರುತ್ತದೆ.

ಇಷ್ಟಾದರೂ ಈ ಖಜಾನೆಯಲ್ಲಿ ಒಂದು ಮೂಲೆ ತುಂಬುತ್ತಿದೆ. ತಿಂಗಳಿಗೆ 6,000 ರೂಪಾಯಿಯಂತೆ ಇವರ ಪಿಎಫ್ ಕಟಾವಣೆ, ಜೊತೆಗೆ ಕಂಪನಿಯ ಪಾಲು. 2024-25ಕ್ಕೆ ಅದರ ಬಡ್ಡಿ ಶೇ 8.25. ಇದರಲ್ಲಿ ಸಚಿವರ ಆರ್ಥಿಕ ಶಿಸ್ತಿನದೇನೂ ಕೈವಾಡವಿಲ್ಲ. ಆ ದುಡ್ಡು ಅವರ ಕಣ್ಣಿಗೇ ಬೀಳುವುದಿಲ್ಲ, ಅದಕ್ಕೇ ಬದುಕಿದೆ. ರೀಲ್ಸಿನ ಪಂಡಿತರು ಹೇಳಿದಂತೆ ಕಾಫಿ ಬಿಟ್ಟಿದ್ದರೂ ಇಷ್ಟು ಉಳಿಯುತ್ತಿರಲಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಸಚಿವರೊಬ್ಬರಿದ್ದರೆ, ಸಂಬಳ ಬಂದ ಮರುದಿನವೇ ಆರ್‌ಡಿ ಕಂತು ತಾನಾಗಿ ಕತ್ತರಿಸಿ ಹೋಗುವಂತೆ ಬ್ಯಾಂಕಿನಲ್ಲಿ ಬರೆಸಿಬಿಡಿ. ಸಹಿಯನ್ನಷ್ಟೇ ಸಚಿವರಿಂದ ಹಾಕಿಸಿ, ಅಭಿಪ್ರಾಯ ಕೇಳಬೇಡಿ.