ಬೆಲ್ ಒತ್ತೋದನ್ನ ಮರೀಬೇಡಿ

ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಯಾವ ಕನ್ನಡದ ಮನೆಗೆ ಹೋದರೂ ಸೋಫಾದ ಮೂಲೆಯಲ್ಲಿ ಟ್ಯಾಬ್ ಹಿಡಿದು ಮುದುರಿಕೊಂಡ ಎಂಟೊಂಬತ್ತು ವರ್ಷದ ಜೀವವೊಂದು ಸಿಕ್ಕೇ ಸಿಗುತ್ತದೆ. ಮನೆಯಲ್ಲಿ ಕರೆಯುವುದು ಪುಟ್ಟ ಎಂದು. ಅಪ್ಪ ಕನ್ನಡದಲ್ಲಿ ಕೇಳುತ್ತಾನೆ, ಪುಟ್ಟ ಇಂಗ್ಲಿಷಿನಲ್ಲಿ ಹೇಳುತ್ತಾನೆ. ಇಬ್ಬರೂ ಪಟ್ಟು ಬಿಡುವುದಿಲ್ಲ.

ಅಪ್ಪ ಒಮ್ಮೆ ರೋಸಿಹೋಗಿ ಟ್ಯಾಬಿನ ಭಾಷೆಯನ್ನೇ ಕನ್ನಡಕ್ಕೆ ತಿರುಗಿಸಿಟ್ಟ. ಪುಟ್ಟನಿಗೆ ಓದಲು ಬರುವುದು ಹೆಚ್ಚೆಂದರೆ ‘ಅ’, ‘ಆ’. ಆದರೂ ಹಲ್ಲುಚಕ್ರದ ಚಿತ್ರ ಒತ್ತಿ, ಕೆಳಕ್ಕೆ ಜಾರಿಸಿ, ಗೋಳದ ಚಿತ್ರ ಮುಟ್ಟಿ, ಅರ್ಧ ನಿಮಿಷದಲ್ಲಿ ಇಂಗ್ಲಿಷಿಗೆ ವಾಪಸ್ಸು. ಜತೆಗೆ ಅಪ್ಪನ ಫೋನನ್ನೂ ಸದ್ದಿಲ್ಲದೆ ಕನ್ನಡ ಮಾಡಿಟ್ಟ. ಅದನ್ನು ಸರಿಪಡಿಸಲು ಅಪ್ಪನಿಗೆ ಒಂದು ಭಾನುವಾರವೇ ಬೇಕಾಯಿತು.

2016ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, 18 ತಿಂಗಳೊಳಗಿನ ಕೂಸಿಗೆ ಪರದೆ ಬೇಡ, ವಿಡಿಯೊ ಕರೆಯಾದರೆ ಅಡ್ಡಿಯಿಲ್ಲ ಎಂದಿತ್ತು. ತಿಪಟೂರಿನ ಅಜ್ಜಿ ಆ ವಿನಾಯಿತಿಯಲ್ಲೇ ಸಾಕಿದ ಮೊಮ್ಮಗ ಇವನು. ಈಗ ಅಪ್ಪನದೂ ಒಂದು ವಿನಾಯಿತಿ: ಕನ್ನಡದ ವಿಡಿಯೊ ಎಷ್ಟು ಹೊತ್ತು ನೋಡಿದರೂ ಲೆಕ್ಕಕ್ಕಿಲ್ಲ. ಪುಟ್ಟ ಅಡುಗೆ, ಆಟ, ಸುದ್ದಿ ಯಾವುದನ್ನೂ ಬಿಡಲಿಲ್ಲ. ಕನ್ನಡ ಬಂತು, ನಿಜ. ಎಂಥ ಕನ್ನಡ ಅಂತ ಮಾತ್ರ ಕೇಳಬೇಡಿ. ಮೊನ್ನೆ ಕಾರ್ಪೆಟ್ ಮೇಲೆ ಹಾಲು ಚೆಲ್ಲಿತು. ಅಮ್ಮ ಸೌಟು ಹಿಡಿದೇ ಓಡಿ ಬಂದರೆ, ಇವನು ಗಂಭೀರವಾಗಿ ಹೇಳಿದ: “ಘಟನಾ ಸ್ಥಳಕ್ಕೆ ಅಮ್ಮ ಭೇಟಿ ನೀಡಿದ್ದಾರೆ.”

ಬೇಸಿಗೆಯ ಸಂಜೆ ಏಳು. ತಿಪಟೂರಿನಲ್ಲಿ ಮರುದಿನದ ಬೆಳಗ್ಗೆ ಏಳೂವರೆ, ಅಜ್ಜಿಯ ಪೂಜೆಯ ಹೊತ್ತು.

“ಊಟ ಆಯ್ತೇನೋ ಮಗಾ?”

“ನಮಸ್ಕಾರ ಸ್ನೇಹಿತರೇ! ಇವತ್ತು ಚಪಾತಿ, ಹೀರೇಕಾಯಿ ಪಲ್ಯ. ಉಪ್ಪು ರುಚಿಗೆ ತಕ್ಕಷ್ಟು. ಇಷ್ಟ ಆದ್ರೆ ಲೈಕ್ ಮಾಡಿ, ಶೇರ್ ಮಾಡಿ, ಬೆಲ್ ಒತ್ತೋದನ್ನ ಮರೀಬೇಡಿ!”

ಅಜ್ಜಿ ಒಂದು ಕ್ಷಣ ಯೋಚಿಸಿದರು. ಫೋನನ್ನು ಮಣೆಯ ಮೇಲೆ ಅಂಗಾತ ಮಲಗಿಸಿ ಎದ್ದರು. ಪರದೆ ತುಂಬ ಸೀಲಿಂಗ್ ಫ್ಯಾನು. ಅಷ್ಟರಲ್ಲಿ ಟಣ್ ಟಣ್ ಟಣ್ ಎಂದು ದೇವರ ಗಂಟೆ.

“ಕೇಳಿಸ್ತೇನೋ? ಮಂಗಳಾರತಿ ಆಗ್ತಿದೆ, ಕೈ ಮುಗಿ.”

ಪುಟ್ಟ ಟ್ಯಾಬನ್ನು ಸೋಫಾಕ್ಕೆ ಒರಗಿಸಿ ಕೈ ಮುಗಿದ.

“ಅಜ್ಜೀ, ದೇವ್ರು ಕಾಣ್ತಿಲ್ಲ. ಫ್ಯಾನ್ ಕಾಣ್ತಿದೆ.”